ಓಡುತ್ತಿರುವ ಲಿನಕ್ಸ್ ಸರ್ವರ್‌ನಿಂದ ಡಿಸ್ಕ್ ತೆಗೆಯುವಾಗ: ಹಿಡಿದಿರುವವರು ಯಾರೆಂದು ಪತ್ತೆ ಮಾಡುವ ಬಗೆ

ಸರ್ವರ್ ನಿಲ್ಲಿಸದೆ ಡಿಸ್ಕ್ ಹೊರತೆಗೆಯಲು ಹೊರಟಾಗ ಎರಡು ಬಗೆಯ ತೊಂದರೆ ಬರುತ್ತದೆ. ಒಂದು, ಸಿಸ್ಟಂ ಬಿಡುವುದೇ ಇಲ್ಲ. ಅನ್‌ಮೌಂಟ್ ಮಾಡಲು (ಯುಮೌಂಟ್ ಕಮಾಂಡ್‌ನಿಂದ ಫೋಲ್ಡರ್ ಮರದಿಂದ ಇಳಿಸಲು) ಹೋದರೆ ‘ಟಾರ್ಗೆಟ್ ಈಸ್ ಬಿಜಿ’ ಎನ್ನುತ್ತದೆ. ಇನ್ನೊಂದು, ಯಾವ ತಕರಾರೂ ಇಲ್ಲದೆ ಬಿಟ್ಟುಕೊಡುತ್ತದೆ. ಡಿಸ್ಕ್ ಎಳೆದ ಮೇಲೆ ಲಾಗ್‌ನಲ್ಲಿ ದೋಷಗಳ ಸಾಲು ಶುರುವಾಗುತ್ತದೆ. ಹೆದರಬೇಕಾದದ್ದು ಎರಡನೆಯದಕ್ಕೆ. ಡಿಸ್ಕನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಿಂದ ಕಳಚಲು ‘/ಸಿಸ್/ಬ್ಲಾಕ್/ಎಸ್‌ಡಿಸಿ/ಡಿವೈಸ್/ಡಿಲೀಟ್’ ಫೈಲಿಗೆ 1 ಬರೆಯುತ್ತೇವಲ್ಲ, ಅದು ಡಿಸ್ಕ್ ಬಳಕೆಯಲ್ಲಿದೆಯೇ ಎಂದು ಕೇಳುವುದೇ ಇಲ್ಲ. ಮೌಂಟ್ ಆಗಿದ್ದರೂ, ರೇಡ್‌ನಲ್ಲಿ (ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ವ್ಯವಸ್ಥೆ) ದುಡಿಯುತ್ತಿದ್ದರೂ ಕಳಚಿಬಿಡುತ್ತದೆ. ಆದ್ದರಿಂದ ‘ದೋಷ ಬರಲಿಲ್ಲ, ಹಾಗಾದರೆ ಸರಿಯಿದೆ’ ಎಂದುಕೊಳ್ಳುವಂತಿಲ್ಲ. ಡಿಸ್ಕನ್ನು ಯಾರೂ ಹಿಡಿದಿಲ್ಲ ಎಂದು ಮೊದಲೇ ಖಚಿತಪಡಿಸಿಕೊಳ್ಳುವ ಹೊಣೆ ಪೂರ್ತಿ ನಮ್ಮದು.

ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವುಗಳ ಮೂಲ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಉದಾಹರಣೆಗೆ ಎಸ್‌ಡಿಸಿ ಎಂಬ ಡಿಸ್ಕನ್ನೂ ‘/ಡೇಟಾ’ ಎಂಬ ಮೌಂಟ್ ಜಾಗವನ್ನೂ ಇಟ್ಟುಕೊಂಡಿದೆ.

ಮೊದಲನೆಯದು: ತೆಗೆಯಬೇಕಾದ ಡಿಸ್ಕ್ ಇದೇ ಹೌದೇ?

ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಕರ್ನೆಲ್ ಡಿಸ್ಕ್‌ಗಳನ್ನು ಕಂಡ ಕ್ರಮದಲ್ಲಿ ಸಿಕ್ಕವು. ರೀಬೂಟ್ ಆದರೆ ಬದಲಾಗಬಹುದು. ಎಸ್‌ಡಿಸಿ ಅಂದರೆ ಮೂರನೇ ಸ್ಲಾಟ್ ಎಂಬ ಲೆಕ್ಕ ಹಲವು ಸಲ ಸರಿಹೋಗುತ್ತದೆ, ಒಂದು ಸಲ ತಪ್ಪುತ್ತದೆ. ಆ ಒಂದು ಸಲ ರೇಡ್ 5 ಆಗಲೇ ಒಂದು ಡಿಸ್ಕ್ ಕಳೆದುಕೊಂಡಿದ್ದರೆ ಇಡೀ ಅರೇ (ರೇಡ್‌ನ ಡಿಸ್ಕ್ ಗುಂಪು) ಹೋಯಿತು. ನಂಬಬೇಕಾದದ್ದು ಸೀರಿಯಲ್ ನಂಬರನ್ನು ಮಾತ್ರ:

ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್,ಎಫ್‌ಎಸ್‌ಟೈಪ್,ಮೌಂಟ್‌ಪಾಯಿಂಟ್

ಈ ನಂಬರನ್ನು ಕಾಗದದಲ್ಲಿ ಬರೆದುಕೊಂಡು ಡಿಸ್ಕ್ ಮೇಲಿನ ಚೀಟಿಯೊಂದಿಗೆ ಹೋಲಿಸಿ. ಚೀಟಿ ಟ್ರೇ ಒಳಗೆ ಮರೆಯಾಗಿದ್ದರೆ ದೀಪದ ಸಹಾಯ ಬೇಕು. ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಕೂಡುವ ಹಿಂಬದಿಯ ಬೋರ್ಡ್) ಒಪ್ಪಿದರೆ ‘ಲೆಡ್‌ಸಿಟಿಎಲ್ ಲೊಕೇಟ್=/ಡೆವ್/ಎಸ್‌ಡಿಸಿ’ ಎಂದರೆ ಆ ಸ್ಲಾಟ್‌ನ ಗುರುತು ದೀಪ ಹತ್ತುತ್ತದೆ; ಆರಿಸಲು ‘ಲೊಕೇಟ್_ಆಫ್’. ಅದು ಕೆಲಸ ಮಾಡದಿದ್ದರೆ ಡಿಡಿ ಕಮಾಂಡ್‌ನಿಂದ ಡಿಸ್ಕನ್ನು ‘/ಡೆವ್/ನಲ್’ ಕಡೆಗೆ ಓದಿಸಿ, ಒಂದೇ ಸಮನೆ ಮಿನುಗುವ ದೀಪ ಯಾವುದೆಂದು ನೋಡಿ. ಡಿಡಿಯಲ್ಲಿ ‘ಐಎಫ್’ ಮತ್ತು ‘ಒಎಫ್’ ಅದಲುಬದಲಾದರೆ ಡಿಸ್ಕ್ ಮೇಲೆ ಬರೆದಂತಾಗುತ್ತದೆ, ಎಂಟರ್ ಒತ್ತುವ ಮೊದಲು ಸಾಲನ್ನು ಇನ್ನೊಮ್ಮೆ ಓದಿ. ಕೆಟ್ಟುಹೋದ ಡಿಸ್ಕ್ ಮಿನುಗುವುದಿಲ್ಲ. ಆಗ ಉಳಿದವನ್ನೆಲ್ಲ ಓದಿಸಿ, ಸುಮ್ಮನಿರುವುದನ್ನು ಹುಡುಕಬೇಕು.

ಹಾರ್ಡ್‌ವೇರ್ ರೇಡ್ ಕಾರ್ಡ್ ಹಿಂದೆ ಇರುವ ಡಿಸ್ಕ್‌ಗಳಿಗೆ ಇಲ್ಲಿನ ವಿಧಾನ ಹೊಂದುವುದಿಲ್ಲ. ಅಲ್ಲಿ ಕರ್ನೆಲ್‌ಗೆ ಕಾಣುವುದು ಕಾರ್ಡ್ ಕಟ್ಟಿಕೊಟ್ಟ ವರ್ಚುವಲ್ ಡಿಸ್ಕ್. ಭೌತಿಕ ಡಿಸ್ಕನ್ನು ಆಫ್‌ಲೈನ್ ಮಾಡುವುದು ಆ ಕಾರ್ಡಿನ ಉಪಕರಣದಿಂದಲೇ ಆಗಬೇಕು.

ಲಕ್ಷಣ: ಯುಮೌಂಟ್ ‘ಬಿಜಿ’ ಎನ್ನುತ್ತದೆ

ಇದೇ ಮೌಂಟ್ ಜಾಗದ ಒಳಗೆ ಇನ್ನೇನಾದರೂ ಮೌಂಟ್ ಆಗಿದೆಯೇ ಎಂಬುದು ಮೊದಲ ಪ್ರಶ್ನೆ. ‘/ಡೇಟಾ’ ಒಳಗೆ ‘/ಡೇಟಾ/ಬ್ಯಾಕಪ್’ ಮೌಂಟ್ ಆಗಿದ್ದರೆ ಒಳಗಿನದು ಮೊದಲು ಇಳಿಯಬೇಕು. ‘ಫೈಂಡ್‌ಮೌಂಟ್ -ಆರ್ /ಡೇಟಾ’ (ಇಲ್ಲಿ ಆರ್ ದೊಡ್ಡಕ್ಷರ) ಇದನ್ನು ಮರದಂತೆ ತೋರಿಸುತ್ತದೆ. ಆಮೇಲೆ ಪ್ರಾಸೆಸ್‌ಗಳು:

ಎಫ್‌ಯೂಸರ್ -ವಿಎಂ /ಡೇಟಾ

ಬಂದ ಪಟ್ಟಿಯಲ್ಲಿ ‘ಸಿ’ ಎಂದಿದ್ದರೆ ಆ ಪ್ರಾಸೆಸ್ ಆ ಫೋಲ್ಡರ್‌ನೊಳಗೆ ನಿಂತಿದೆ ಎಂದರ್ಥ. ಯಾರೋ ‘/ಡೇಟಾ’ಕ್ಕೆ ಹೋಗಿ ಹಾಗೇ ಬಿಟ್ಟ ಶೆಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಆಗಿರುವುದೇ ಹೆಚ್ಚು; ನಿಮ್ಮದೇ ಶೆಲ್ ಅಲ್ಲಿ ನಿಂತಿಲ್ಲವೆಂದೂ ನೋಡಿಕೊಳ್ಳಿ. ‘ಎಂ’ ಎಂದಿದ್ದರೆ ಫೈಲ್ ಅಥವಾ ಲೈಬ್ರರಿಯನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡಿದೆ. ಸೇವೆಗಳನ್ನು ಅವುಗಳನ್ನು ನಡೆಸುವ ಸಿಸ್ಟಂಡಿ ಮೂಲಕವೇ ನಿಲ್ಲಿಸಿ. ಪ್ರಾಸೆಸ್ ಕೊಂದರೆ ಕೆಲವು ಸೇವೆಗಳನ್ನು ಸಿಸ್ಟಂಡಿ ಮತ್ತೆ ಎಬ್ಬಿಸುತ್ತದೆ, ಫೈಲ್ ಮತ್ತೆ ತೆರೆಯುತ್ತದೆ, ನೀವು ಮೊದಲಿದ್ದಲ್ಲಿಗೇ ಬರುತ್ತೀರಿ.

ಇಲ್ಲೊಂದು ದೊಡ್ಡ ಗುಂಡಿಯಿದೆ. ಎಫ್‌ಯೂಸರ್‌ಗೆ ‘-ಕೆಎಂ’ ಕೊಟ್ಟರೆ ಆ ಫೈಲ್‌ಸಿಸ್ಟಂ ಬಳಸುವ ಎಲ್ಲ ಪ್ರಾಸೆಸ್‌ಗಳನ್ನೂ ಕೊಲ್ಲುತ್ತದೆ. ‘/ಡೇಟಾ’ ಆಗಲೇ ಅನ್‌ಮೌಂಟ್ ಆಗಿದ್ದರೆ ಅದು ರೂಟ್ ಫೈಲ್‌ಸಿಸ್ಟಂನ ಒಂದು ಬರಿಯ ಫೋಲ್ಡರ್. ಆಗ ರೂಟ್ ಬಳಸುವವರೆಲ್ಲ, ಅಂದರೆ ಸರ್ವರ್‌ನ ಹೆಚ್ಚುಕಮ್ಮಿ ಎಲ್ಲ ಪ್ರಾಸೆಸ್‌ಗಳೂ, ಸಾಯುತ್ತವೆ. ದೊಡ್ಡಕ್ಷರದ ‘-ಎಂ’ ಸೇರಿಸಿದರೆ ಕೊಟ್ಟದ್ದು ನಿಜವಾದ ಮೌಂಟ್ ಜಾಗವಾಗಿದ್ದರೆ ಮಾತ್ರ ಅದು ಮುಂದುವರಿಯುತ್ತದೆ. ಅಷ್ಟಾದರೂ ಕೊಲ್ಲುವ ಆಯ್ಕೆಯನ್ನು ಉತ್ಪಾದನಾ ಸರ್ವರ್‌ನಲ್ಲಿ ಬಳಸದಿರುವುದೇ ವಾಸಿ.

ಅಳಿಸಿದ್ದರೂ ತೆರೆದೇ ಇರುವ ಫೈಲ್‌ಗಳು ಫೋಲ್ಡರ್‌ನಲ್ಲಿ ಕಾಣುವುದಿಲ್ಲ, ಡಿಸ್ಕನ್ನು ಮಾತ್ರ ಹಿಡಿದಿರುತ್ತವೆ. ‘ಎಲ್‌ಎಸ್‌ಒಎಫ್ +ಎಲ್1’ (ಎಲ್ ದೊಡ್ಡಕ್ಷರ) ಅವನ್ನು ತೋರಿಸುತ್ತದೆ. ತಿರುಗಿಸಿದ ಲಾಗ್ ಫೈಲ್‌ಗೆ ಹಳೆಯ ಸೇವೆ ಬರೆಯುತ್ತಲೇ ಇರುವುದು ಇದರ ಮಾದರಿ.

ಎಫ್‌ಯೂಸರ್‌ನಲ್ಲಿ ಒಂದು ಪ್ರಾಸೆಸ್ ಕೂಡ ಇಲ್ಲ, ‘ಕರ್ನೆಲ್’ ಎಂದಷ್ಟೇ ಇದೆ, ಆದರೂ ಬಿಜಿ. ಆಗ ಹಿಡಿದಿರುವುದು ಕರ್ನೆಲ್‌ನೊಳಗಿನ ಭಾಗ. ನೋಡಬೇಕಾದ ಜಾಗಗಳು ಮೂರು. ‘ಸ್ವಾಪ್‌ಆನ್ --ಶೋ’ ಪಟ್ಟಿಯಲ್ಲಿ ಆ ಡಿಸ್ಕಿನ ಸ್ವಾಪ್ ಫೈಲ್ (ರ‍್ಯಾಮ್‌ನಿಂದ ಇಳಿಸಿದ್ದನ್ನು ಇಡುವ ಫೈಲ್) ಇದ್ದರೆ ಸ್ವಾಪ್‌ಆಫ್ ಮಾಡಿ. ಅದರಲ್ಲಿರುವಷ್ಟನ್ನು ಹೊರುವ ಜಾಗ ರ‍್ಯಾಮ್‌ನಲ್ಲಿ ಇದೆಯೇ ಎಂದು ಮೊದಲು ನೋಡಿಕೊಂಡು. ‘ಲೊಸೆಟಪ್ -ಎ’ ಪಟ್ಟಿಯಲ್ಲಿ ಆ ಡಿಸ್ಕಿನ ಇಮೇಜ್ ಫೈಲ್ (ಡಿಸ್ಕ್‌ನಂತೆ ಬಳಸುವ ಫೈಲ್) ಇದ್ದರೆ ಅದನ್ನು ‘-ಡಿ’ ಕೊಟ್ಟು ಬಿಡಿಸಿ. ಮೂರನೆಯದು ಎನ್‌ಎಫ್‌ಎಸ್, ಅಂದರೆ ಫೋಲ್ಡರ್‌ಗಳನ್ನು ನೆಟ್‌ವರ್ಕ್‌ನಲ್ಲಿ ಹಂಚುವ ವ್ಯವಸ್ಥೆ. ಕರ್ನೆಲ್‌ನ ಎನ್‌ಎಫ್‌ಎಸ್ ಸರ್ವರ್ ಹಂಚಿಕೊಟ್ಟ ಫೋಲ್ಡರ್ ಯಾವ ಪ್ರಾಸೆಸ್ ಹೆಸರಿನಲ್ಲೂ ಸಿಗದ ಕಾರಣ ಗಂಟೆಗಟ್ಟಲೆ ಹುಡುಕಿಸುತ್ತದೆ. ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಯು’ ಕೊಟ್ಟು ಹಂಚಿಕೆ ತೆಗೆದು, ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಎಫ್’ ಕೊಟ್ಟು ಅದರ ಕ್ಯಾಶ್ ಖಾಲಿ ಮಾಡಿದರೆ ಸಾಮಾನ್ಯವಾಗಿ ಸಡಿಲಗೊಳ್ಳುತ್ತದೆ.

ಅನ್‌ಮೌಂಟ್ ಮಾಡಿದ ಮರುಕ್ಷಣವೇ ಮತ್ತೆ ಮೌಂಟ್ ಆಗುತ್ತಿದ್ದರೆ ಸಿಸ್ಟಂಡಿಯ ಆಟೋಮೌಂಟ್ ಯುನಿಟ್ ಇದೆ. ಅದನ್ನು ಮೊದಲು ನಿಲ್ಲಿಸಿ.

ಯುಮೌಂಟ್ ‘-ಎಲ್’ ಏಕೆ ಬೇಡ

ಇಷ್ಟೆಲ್ಲ ಹುಡುಕುವ ಬದಲು ‘ಯುಮೌಂಟ್ -ಎಲ್’ ಎಂದರೆ ಸಾಕು ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಡಿಸ್ಕ್ ತೆಗೆಯುವ ಸಂದರ್ಭದಲ್ಲಿ ಇದು ಕೆಟ್ಟ ಸಲಹೆ. ಅದು ಮೌಂಟ್ ಅನ್ನು ಫೋಲ್ಡರ್ ಮರದಿಂದ ಕಳಚುತ್ತದೆ ಅಷ್ಟೆ. ಫೈಲ್‌ಸಿಸ್ಟಂ ಒಳಗೆ ಜೀವಂತವಾಗಿಯೇ ಇರುತ್ತದೆ, ತೆರೆದ ಫೈಲ್‌ಗಳಿಗೆ ಬರಹ ನಡೆಯುತ್ತಲೇ ಇರುತ್ತದೆ. ಎಲ್‌ಎಸ್‌ಬಿಎಲ್‌ಕೆ ನೋಡಿದರೆ ಮೌಂಟ್ ಇಲ್ಲ ಎಂದು ಕಾಣುತ್ತದೆ, ನೀವು ಡಿಸ್ಕ್ ಎಳೆಯುತ್ತೀರಿ. ಬಿಜಿ ಎಂಬ ಎಚ್ಚರಿಕೆಯನ್ನೇ ಅಡಗಿಸುವ ಕೆಲಸ ಅದು.

ಯಾರಾದರೂ ಆಗಲೇ ಹಾಗೆ ಮಾಡಿದ್ದಾರೆಯೇ ಎಂದು ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಫೈಲ್‌ಸಿಸ್ಟಂನ ಬಗೆ ಇಎಕ್ಸ್‌ಟಿ4 ಆದರೆ ‘/ಸಿಸ್/ಎಫ್‌ಎಸ್/ಇಎಕ್ಸ್‌ಟಿ4/ಎಸ್‌ಡಿಸಿ1’, ಎಕ್ಸ್‌ಎಫ್‌ಎಸ್ ಆದರೆ ‘/ಸಿಸ್/ಎಫ್‌ಎಸ್/ಎಕ್ಸ್‌ಎಫ್‌ಎಸ್/ಎಸ್‌ಡಿಸಿ1’ ಎಂಬ ಫೋಲ್ಡರ್ ಇನ್ನೂ ಇದೆಯೇ ನೋಡಿ. ಇದ್ದರೆ ಆ ಫೈಲ್‌ಸಿಸ್ಟಂ ಎಲ್ಲೋ ಒಂದು ಕಡೆ ಇನ್ನೂ ಬದುಕಿದೆ.

ಹಾಗೆ ಬದುಕಿರಲು ಇನ್ನೊಂದು ಕಾರಣ ಕಂಟೈನರ್, ಅಂದರೆ ಉಳಿದವುಗಳಿಂದ ಬೇರ್ಪಡಿಸಿ ಓಡಿಸಿದ ಪ್ರಾಸೆಸ್‌ಗಳ ಗುಂಪು. ಪ್ರತಿ ಕಂಟೈನರ್‌ಗೂ ತನ್ನದೇ ಮೌಂಟ್ ನೇಮ್‌ಸ್ಪೇಸ್ (ಮೌಂಟ್‌ಗಳ ಪ್ರತ್ಯೇಕ ಪಟ್ಟಿ) ಇರುತ್ತದೆ. ಹೊರಗೆ ಅನ್‌ಮೌಂಟ್ ಯಶಸ್ವಿಯಾದರೂ ಒಳಗಿನ ಪ್ರತಿ ಹಾಗೇ ಉಳಿಯಬಹುದು. ‘/ಪ್ರಾಕ್’ ಕೆಳಗಿನ ಎಲ್ಲ ಪ್ರಾಸೆಸ್‌ಗಳ ‘ಮೌಂಟ್‌ಇನ್ಫೋ’ ಫೈಲ್‌ಗಳಲ್ಲಿ ಡಿಸ್ಕಿನ ಹೆಸರನ್ನು ‘ಗ್ರೆಪ್ -ಎಲ್’ನಿಂದ ಹುಡುಕಿದರೆ ಹಿಡಿದಿರುವ ಪ್ರಾಸೆಸ್‌ನ ನಂಬರ್ ಸಿಗುತ್ತದೆ. ಆ ಕಂಟೈನರ್ ನಿಲ್ಲಿಸುವುದು ಸರಿಯಾದ ದಾರಿ.

ಲಕ್ಷಣ: ಅನ್‌ಮೌಂಟ್ ಆಯಿತು, ಡಿಸ್ಕ್ ಮಾತ್ರ ಬಿಡುತ್ತಿಲ್ಲ

ಫೈಲ್‌ಸಿಸ್ಟಂ ಮತ್ತು ಡಿಸ್ಕ್ ನಡುವೆ ಪದರಗಳಿವೆ: ಎಲ್‌ವಿಎಂ (ಡಿಸ್ಕ್‌ಗಳನ್ನು ಗುಂಪಾಗಿಸಿ ಜಾಗ ಹಂಚುವುದು), ಲಕ್ಸ್ ಎನ್‌ಕ್ರಿಪ್ಶನ್, ಎಂಡಿ ರೇಡ್ (ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್), ಮಲ್ಟಿಪಾತ್ (ಒಂದೇ ಡಿಸ್ಕಿಗೆ ಹಲವು ದಾರಿ). ಕಟ್ಟಿದ ಕ್ರಮಕ್ಕೆ ತಿರುಗಾಗಿ ಬಿಚ್ಚಬೇಕು. ‘/ಸಿಸ್/ಬ್ಲಾಕ್/ಎಸ್‌ಡಿಸಿ/ಎಸ್‌ಡಿಸಿ1/ಹೋಲ್ಡರ್ಸ್’ ಫೋಲ್ಡರ್‌ನಲ್ಲಿ ಮೇಲಿನ ಪದರದ ಹೆಸರಿರುತ್ತದೆ. ಅಲ್ಲಿ ‘ಡಿಎಂ-3’ ಇದ್ದರೆ ‘ಡಿಎಂಸೆಟಪ್ ಎಲ್‌ಎಸ್ --ಟ್ರೀ’ ಅದು ಯಾವುದೆಂದು ಬಿಡಿಸಿ ಹೇಳುತ್ತದೆ.

ಪಾರ್ಟಿಷನ್ ಇರುವ ಡಿಸ್ಕಿಗೆ ‘ಬ್ಲಾಕ್‌ಡೆವ್ --ರೀರೀಡ್‌ಪಿಟಿ /ಡೆವ್/ಎಸ್‌ಡಿಸಿ’ ಎಂಬ ಪರೀಕ್ಷೆ ಉಪಯುಕ್ತ. ಅದು ಪಾರ್ಟಿಷನ್ ಪಟ್ಟಿಯನ್ನು ಮತ್ತೆ ಓದುತ್ತದೆ. ಒಂದು ಪಾರ್ಟಿಷನ್ ಬಳಕೆಯಲ್ಲಿದ್ದರೂ ‘ಡಿವೈಸ್ ಆರ್ ರಿಸೋರ್ಸ್ ಬಿಜಿ’ ಎಂದು ನಿರಾಕರಿಸುತ್ತದೆ. ಡಿಲೀಟ್ ಫೈಲ್ ಕೇಳದ ಪ್ರಶ್ನೆಯನ್ನು ಇದು ಕೇಳುತ್ತದೆ.

ಎಲ್‌ವಿಎಂನಲ್ಲಿ ಗುಂಪಿನ ಒಂದು ಡಿಸ್ಕ್ ಮಾತ್ರ ಹೋಗಬೇಕಾದರೆ ಪಿವಿಮೂವ್, ವಿಜಿರೆಡ್ಯೂಸ್, ಪಿವಿರಿಮೂವ್, ಇದೇ ಕ್ರಮ. ಪಿವಿಮೂವ್ ಮೌಂಟ್ ಆಗಿರುವಾಗಲೇ ಡೇಟಾವನ್ನು ಬೇರೆ ಡಿಸ್ಕ್‌ಗಳಿಗೆ ಸಾಗಿಸುತ್ತದೆ, ಅಲ್ಲಿ ಅಷ್ಟು ಖಾಲಿ ಜಾಗ ಇರಬೇಕು. ನಡುವೆ ಸರ್ವರ್ ಬಿದ್ದರೆ, ಎದ್ದ ಮೇಲೆ ಏನೂ ಸೇರಿಸದೆ ಬರಿಯ ಪಿವಿಮೂವ್ ಎಂದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಇಡೀ ಗುಂಪೇ ಆ ಡಿಸ್ಕಿನ ಮೇಲಿದ್ದರೆ ‘ವಿಜಿಚೇಂಜ್ -ಎಎನ್’ ಸಾಕು. ಲಕ್ಸ್‌ಗೆ ‘ಕ್ರಿಪ್ಟ್‌ಸೆಟಪ್ ಕ್ಲೋಸ್’.

ಎಂಡಿ ರೇಡ್‌ನಲ್ಲಿ ‘ಹಾಟ್ ರಿಮೂವ್ ಫೇಲ್ಡ್’ ಎಂದು ಬಂದರೆ ಕಾರಣ ಸರಳ: ಚಾಲ್ತಿಯಲ್ಲಿರುವ ಸದಸ್ಯನನ್ನು ಎಂಡಿ ಹೊರಗೆ ಕಳಿಸುವುದಿಲ್ಲ, ಮೊದಲು ಫೇಲ್ ಎಂದು ಗುರುತಿಸಬೇಕು.

ಎಂಡಿಎಡಿಎಂ /ಡೆವ್/ಎಂಡಿ0 --ಫೇಲ್ /ಡೆವ್/ಎಸ್‌ಡಿಸಿ1 --ರಿಮೂವ್ /ಡೆವ್/ಎಸ್‌ಡಿಸಿ1

ಆದರೆ ಡಿಸ್ಕ್ ಇನ್ನೂ ಓದುವ ಸ್ಥಿತಿಯಲ್ಲಿದ್ದು ಖಾಲಿ ಸ್ಲಾಟ್ ಒಂದಿದ್ದರೆ ಹೀಗೆ ಮಾಡಲೇಬೇಡಿ. ಹೊಸ ಡಿಸ್ಕ್ ಹಾಕಿ, ಸ್ಪೇರ್ ಆಗಿ ಸೇರಿಸಿ, ‘--ರಿಪ್ಲೇಸ್ /ಡೆವ್/ಎಸ್‌ಡಿಸಿ1 --ವಿತ್ /ಡೆವ್/ಎಸ್‌ಡಿಡಿ1’ ಕೊಡಿ. ಹಳೆಯದರಿಂದ ಹೊಸದಕ್ಕೆ ಪ್ರತಿಯಾಗುವವರೆಗೂ ಅರೇಯ ರಕ್ಷಣೆ ಕುಂದುವುದಿಲ್ಲ. ಮುಗಿದ ಮೇಲೆ ಹಳೆಯದು ತಾನೇ ಫೇಲ್ ಎಂದು ಗುರುತಾಗುತ್ತದೆ. ಮೊದಲೇ ಹೊರಹಾಕಿ ರೀಬಿಲ್ಡ್ ಮಾಡುವಾಗ ಮತ್ತೊಂದು ಡಿಸ್ಕಿನಲ್ಲಿ ಓದಲಾಗದ ಸೆಕ್ಟರ್ ಸಿಕ್ಕರೆ ರೇಡ್ 5ರಲ್ಲಿ ಅದನ್ನು ತುಂಬಿಕೊಡಲು ಬೇರೆ ಯಾರೂ ಇರುವುದಿಲ್ಲ.

ಒಂದೇ ಡಿಸ್ಕಿನ ಬೇರೆ ಪಾರ್ಟಿಷನ್‌ಗಳು ಬೇರೆ ಅರೇಗಳಲ್ಲಿರುವುದು ಸಾಮಾನ್ಯ: ಬೂಟ್ ಎಂಡಿ0ದಲ್ಲಿ, ಸ್ವಾಪ್ ಎಂಡಿ1ರಲ್ಲಿ, ಡೇಟಾ ಎಂಡಿ2ರಲ್ಲಿ. ‘/ಪ್ರಾಕ್/ಎಂಡಿಸ್ಟಾಟ್’ನಲ್ಲಿ ಎಸ್‌ಡಿಸಿ ಹೆಸರು ಎಷ್ಟು ಕಡೆ ಇದೆಯೋ ಅಷ್ಟೂ ಕಡೆ ತೆಗೆಯಬೇಕು. ಇಎಫ್‌ಐ ಪಾರ್ಟಿಷನ್ ಅಥವಾ ಗ್ರಬ್ ಆ ಡಿಸ್ಕಿನಲ್ಲಿ ಮಾತ್ರ ಇದ್ದರೆ ಇಂದು ಏನೂ ಆಗುವುದಿಲ್ಲ. ಮುಂದಿನ ರೀಬೂಟ್‌ನಲ್ಲಿ ಸರ್ವರ್ ಏಳುವುದಿಲ್ಲ. ಉಳಿಯುವ ಡಿಸ್ಕಿನಲ್ಲಿ ಬೂಟ್‌ಲೋಡರ್ ಹಾಕಿದ ಮೇಲೆಯೇ ಮುಂದುವರಿಯಿರಿ.

ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಬೇರೆ ರೀತಿಯಲ್ಲಿ ಮೋಸಗೊಳಿಸುತ್ತದೆ. ಹಲವು ಡಿಸ್ಕ್‌ಗಳ ಫೈಲ್‌ಸಿಸ್ಟಂ ಆಗಿದ್ದರೂ ‘/ಪ್ರಾಕ್/ಮೌಂಟ್ಸ್’ನಲ್ಲಿ ಒಂದೇ ಡಿಸ್ಕಿನ ಹೆಸರು ಕಾಣುತ್ತದೆ, ಉಳಿದವು ಯಾರಿಗೂ ಬೇಡದ ಖಾಲಿ ಡಿಸ್ಕ್‌ಗಳಂತೆ ತೋರುತ್ತವೆ. ‘ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಶೋ’ ನೋಡದೆ ಯಾವ ಡಿಸ್ಕನ್ನೂ ಖಾಲಿ ಎಂದು ತೀರ್ಮಾನಿಸಬೇಡಿ. ತೆಗೆಯಲು ‘ಬಿಟಿಆರ್‌ಎಫ್‌ಎಸ್ ಡಿವೈಸ್ ರಿಮೂವ್’. ರೇಡ್1 ಪ್ರೊಫೈಲ್‌ನಲ್ಲಿ ಎರಡೇ ಡಿಸ್ಕ್ ಇದ್ದರೆ ಅದು ಒಪ್ಪುವುದಿಲ್ಲ, ಹೊಸದನ್ನು ಹಾಕಿ ‘ರಿಪ್ಲೇಸ್’ ಬಳಸಿ. ಜೆಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂನ ಹಿಡಿತವೂ ಹೋಲ್ಡರ್ಸ್‌ನಲ್ಲಿ ಕಾಣುವುದಿಲ್ಲ. ‘ಜೆಡ್‌ಪೂಲ್ ಸ್ಟೇಟಸ್’ ನೋಡಿ, ‘ಜೆಡ್‌ಪೂಲ್ ಆಫ್‌ಲೈನ್’ ಮಾಡಿ, ಇಡೀ ಪೂಲ್ ಹೋಗುವುದಾದರೆ ‘ಎಕ್ಸ್‌ಪೋರ್ಟ್’.

ಮಲ್ಟಿಪಾತ್ ಮತ್ತು ಸ್ಯಾನ್ ಡಿಸ್ಕ್‌ಗಳು

ಒಂದೇ ಲನ್‌ಗೆ (ಸ್ಯಾನ್ ಎಂಬ ಸ್ಟೋರೇಜ್ ಜಾಲ ಸರ್ವರ್‌ಗೆ ಕೊಡುವ ಡಿಸ್ಕ್) ನಾಲ್ಕು ದಾರಿ ಇದ್ದರೆ ನಾಲ್ಕು ಎಸ್‌ಡಿ ಹೆಸರುಗಳಿರುತ್ತವೆ. ಮೊದಲು ‘ಮಲ್ಟಿಪಾತ್ -ಎಲ್‌ಎಲ್’ ಫಲಿತಾಂಶವನ್ನು ಉಳಿಸಿಟ್ಟುಕೊಳ್ಳಿ. ಮ್ಯಾಪ್ ತೆಗೆದ ಮೇಲೆ ಯಾವ ಎಸ್‌ಡಿ ಯಾವುದಕ್ಕೆ ಸೇರಿತ್ತೆಂದು ತಿಳಿಯಲು ಸುಲಭದ ದಾರಿಯಿಲ್ಲ. ನಂತರ ‘ಮಲ್ಟಿಪಾತ್ -ಎಫ್’ನಿಂದ ಮ್ಯಾಪ್ ತೆಗೆಯಿರಿ. ‘ಮ್ಯಾಪ್ ಇನ್ ಯೂಸ್’ ಎಂದರೆ ಅದರ ಮೇಲೆ ಎಲ್‌ವಿಎಂ ಅಥವಾ ಪಾರ್ಟಿಷನ್ ಮ್ಯಾಪ್ ಇನ್ನೂ ಇದೆ. ಆಮೇಲೆ ಪ್ರತಿಯೊಂದು ದಾರಿಗೂ ‘ಬ್ಲಾಕ್‌ಡೆವ್ --ಫ್ಲಶ್‌ಬಫ್ಸ್’, ಅದಾದ ಮೇಲೆ ಡಿಲೀಟ್.

ಸ್ಟೋರೇಜ್ ಕಡೆಯಿಂದ ಲನ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಕ್ರಮ ತಪ್ಪಿದರೆ ಎರಡು ಅನಾಹುತಗಳಿವೆ. ‘ಕ್ಯೂ_ಇಫ್_ನೋ_ಪಾತ್’ ಹೊಂದಿಸಿದ್ದರೆ ದಾರಿಗಳೆಲ್ಲ ಹೋದ ಮೇಲೂ ಬರಹಗಳು ದೋಷ ಹೇಳದೆ ಸರದಿಯಲ್ಲಿ ಕಾಯುತ್ತವೆ, ಅದನ್ನು ಮುಟ್ಟಿದ ಪ್ರತಿ ಪ್ರಾಸೆಸ್ ಸಿಕ್ಕಿಕೊಳ್ಳುತ್ತದೆ. ‘ಡಿಎಂಸೆಟಪ್ ಮೆಸೇಜ್ ಎಂಪಾತ್‌ಎ 0 ಫೇಲ್_ಇಫ್_ನೋ_ಪಾತ್’ ಎಂದರೆ ಕಾಯುವಿಕೆ ನಿಂತು ದೋಷ ಹೊರಬರುತ್ತದೆ, ಸರದಿಯಲ್ಲಿದ್ದ ಬರಹಗಳು ನಷ್ಟವಾಗುತ್ತವೆ. ಇನ್ನೊಂದು ಇದಕ್ಕಿಂತ ಘೋರ: ಕಳಚದೆ ಉಳಿದ ಹಳೆಯ ಎಸ್‌ಡಿಯ ಅದೇ ಲನ್ ನಂಬರ್‌ಗೆ ಬೇರೊಂದು ಲನ್ ಹಂಚಿದರೆ, ಹಳೆಯದಕ್ಕೆಂದು ಹೊರಟ ಬರಹ ಹೊಸದರ ಮೇಲೆ ಬೀಳಬಹುದು.

ಲಕ್ಷಣ: ಕಮಾಂಡ್ ತಿರುಗಿ ಬರುತ್ತಿಲ್ಲ

ಯುಮೌಂಟ್ ನಿಮಿಷಗಟ್ಟಲೆ ಸುಮ್ಮನಿದ್ದರೆ ಗಾಬರಿಯಾಗುವ ಮೊದಲು ‘/ಪ್ರಾಕ್/ಮೆಮ್‌ಇನ್ಫೋ’ದಲ್ಲಿ ‘ಡರ್ಟಿ’ ಮತ್ತು ‘ರೈಟ್‌ಬ್ಯಾಕ್’ ಸಾಲುಗಳನ್ನು ಕೆಲವು ಸೆಕೆಂಡಿಗೊಮ್ಮೆ ನೋಡಿ. ‘ವಿಎಂ.ಡರ್ಟಿ_ರೇಷಿಯೊ’ ಡೀಫಾಲ್ಟ್ 20 ಶೇಕಡಾ. 64 ಜಿಬಿ ರ‍್ಯಾಮ್‌ನ ಸರ್ವರ್‌ನಲ್ಲಿ 12 ಜಿಬಿವರೆಗೆ ಬರೆಯದ ಡೇಟಾ ಮೆಮೊರಿಯಲ್ಲಿ ಕೂತಿರಬಹುದು. ಸೆಕೆಂಡಿಗೆ 30 ಎಂಬಿ ಬರೆಯುವ ಯುಎಸ್‌ಬಿ ಡಿಸ್ಕಿಗೆ ಅದನ್ನು ಇಳಿಸಲು ಸುಮಾರು ಏಳು ನಿಮಿಷ ಬೇಕು. ಸಂಖ್ಯೆ ಇಳಿಯುತ್ತಿದ್ದರೆ ಕಾಯುವುದೊಂದೇ ಕೆಲಸ. ಇಳಿಯುತ್ತಲೇ ಇಲ್ಲ, ‘/ಸಿಸ್/ಬ್ಲಾಕ್/ಎಸ್‌ಡಿಸಿ/ಇನ್‌ಫ್ಲೈಟ್’ ಮಾತ್ರ ಸೊನ್ನೆಯಾಗದೆ ನಿಂತಿದೆ ಎಂದಾದರೆ ಡಿಸ್ಕೇ ಉತ್ತರ ಕೊಡುತ್ತಿಲ್ಲ. ಆಗ ಪ್ರಾಸೆಸ್‌ಗಳು ‘ಡಿ’ ಸ್ಥಿತಿಗೆ ಹೋಗುತ್ತವೆ. ಕಿಲ್ -9 ಕೊಟ್ಟರೂ ಆ ಬರಹ ಮುಗಿಯುವ ತನಕ ಸಾಯುವುದಿಲ್ಲ. ಸ್ಕಸಿ (ಡಿಸ್ಕ್‌ಗಳೊಂದಿಗೆ ಕರ್ನೆಲ್ ಮಾತನಾಡುವ ಪದರ) ಟೈಮ್‌ಔಟ್ 30 ಸೆಕೆಂಡ್, ಅದರ ಮೇಲೆ ಮರುಪ್ರಯತ್ನ, ರೀಸೆಟ್. ಹೀಗಾಗಿ ದೋಷ ಹೊರಬರಲು ಹಲವು ನಿಮಿಷ ಹಿಡಿಯುತ್ತದೆ. ಲಾಗ್‌ನಲ್ಲಿ ‘ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್’ ಕಾಣುವುದು ಈ ಹೊತ್ತಿನಲ್ಲೇ.

ಮೆಮೊರಿ ಒತ್ತಡದಲ್ಲಿರುವಾಗ ಡಿಸ್ಕ್ ಕಳಚಬೇಡಿ. ಫ್ಲಶ್ ಮಾಡುವುದಕ್ಕೂ (ಬರೆಯದ ಡೇಟಾವನ್ನು ಡಿಸ್ಕಿಗೆ ಇಳಿಸುವುದಕ್ಕೂ) ಮೆಮೊರಿ ಬೇಕು. ‘ವಿಎಂಸ್ಟಾಟ್ 1 100’ ಓಡಿಸಿ. ‘ಎಸ್‌ಐ’, ‘ಎಸ್‌ಒ’ (ಸ್ವಾಪ್‌ನಿಂದ ಬಂದದ್ದು, ಸ್ವಾಪ್‌ಗೆ ಹೋದದ್ದು) ಕಾಲಂಗಳು ಸೊನ್ನೆಯಾಗಿಲ್ಲದಿದ್ದರೆ ಅಥವಾ ಖಾಲಿ ಮೆಮೊರಿ ಮತ್ತೆ ಮತ್ತೆ ಒಟ್ಟಿನ 5 ಶೇಕಡಾಕ್ಕಿಂತ ಕೆಳಗಿಳಿಯುತ್ತಿದ್ದರೆ ಕೆಲಸ ಮುಂದೂಡಿ.

ಕಳಚುವುದು, ಎಳೆಯುವುದು

ಯಾರೂ ಹಿಡಿದಿಲ್ಲ ಎಂದಾದ ಮೇಲೆ:

ಎಕೋ 1 > /ಸಿಸ್/ಬ್ಲಾಕ್/ಎಸ್‌ಡಿಸಿ/ಡಿವೈಸ್/ಡಿಲೀಟ್

ಲಾಗ್‌ನಲ್ಲಿ ‘ಸಿಂಕ್ರನೈಸಿಂಗ್ ಸ್ಕಸಿ ಕ್ಯಾಶ್’ ಬರಬೇಕು. ಸಾಟಾ ಡಿಸ್ಕಿಗೆ ಅದರ ಬೆನ್ನಿಗೇ ನಿಲ್ಲಿಸಿದ ಸಂದೇಶವೂ ಬರುತ್ತದೆ, ಅದರ ಮಾತು ಕರ್ನೆಲ್ ಆವೃತ್ತಿಯ ಮೇಲೆ ಬದಲಾಗುತ್ತದೆ. ಸ್ಯಾಸ್ ಡಿಸ್ಕ್ ತಿರುಗುತ್ತಲೇ ಉಳಿಯಬಹುದು; ಡಿಲೀಟ್‌ಗೆ ಮೊದಲು ‘ಎಸ್‌ಡಿಪಾರ್ಮ್ --ಕಮಾಂಡ್=ಸ್ಟಾಪ್’ ಕೊಡಿ. ತಿರುಗುವ ಡಿಸ್ಕನ್ನು ಒಂದೇ ಏಟಿಗೆ ಎಳೆಯಬಾರದು. ಹಿಡಿಕೆ ಬಿಚ್ಚಿ, ಕನೆಕ್ಟರ್ ಕಳಚುವಷ್ಟು ಎರಡು ಮೂರು ಸೆಂಟಿಮೀಟರ್ ಹೊರಗೆಳೆದು, 30 ಸೆಕೆಂಡ್ ಬಿಟ್ಟು, ತಟ್ಟೆಗಳು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಯುಎಸ್‌ಬಿಗೆ ‘ಯುಡಿಸ್ಕ್ಸ್‌ಸಿಟಿಎಲ್ ಪವರ್-ಆಫ್ -ಬಿ’ ಸಾಕು. ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಬಗೆ) ಪಿಸಿಐ ಸಾಧನ, ಅದಕ್ಕೆ ಸ್ಕಸಿಯ ಡಿಲೀಟ್ ಫೈಲ್ ಇಲ್ಲ. ‘ರೀಡ್‌ಲಿಂಕ್ -ಎಫ್’ನಿಂದ ಅದರ ಪಿಸಿಐ ವಿಳಾಸ ಕಂಡುಕೊಂಡು, ‘/ಸಿಸ್/ಬಸ್/ಪಿಸಿಐ/ಡಿವೈಸಸ್’ ಕೆಳಗೆ ಆ ವಿಳಾಸದ ‘ರಿಮೂವ್’ ಫೈಲಿಗೆ 1 ಬರೆಯಬೇಕು. ಸ್ಲಾಟ್‌ಗೆ ಪವರ್ ನಿಯಂತ್ರಣ ಇದ್ದರೆ ‘/ಸಿಸ್/ಬಸ್/ಪಿಸಿಐ/ಸ್ಲಾಟ್ಸ್’ ಕೆಳಗಿನ ‘ಪವರ್’ ಫೈಲಿಗೆ 0 ಬರೆಯುವುದು ಇನ್ನೂ ಒಳ್ಳೆಯದು. ಇದು ಬ್ಯಾಕ್‌ಪ್ಲೇನ್‌ನ ಯು.2 ಸ್ಲಾಟ್‌ಗಳ ಮಾತು. ಮದರ್‌ಬೋರ್ಡ್ ಮೇಲಿನ ಎಂ.2 ಕಾರ್ಡನ್ನು ವಿದ್ಯುತ್ ಇರುವಾಗ ಮುಟ್ಟಲೇಬೇಡಿ.

ಸರಿಯಾಗಿ ಕಳಚಿತೇ ಎಂಬುದನ್ನು ಡಿಸ್ಕೇ ಹೇಳುತ್ತದೆ. ಎನ್‌ವಿಎಂಇಯ ಸ್ಮಾರ್ಟ್ ಲಾಗ್‌ನಲ್ಲಿ ‘ಅನ್‌ಸೇಫ್ ಶಟ್‌ಡೌನ್ಸ್’ ಎಂಬ ಎಣಿಕೆ ಇದೆ. ತೆಗೆಯುವ ಮೊದಲಿನದನ್ನು ಬರೆದಿಟ್ಟು ಮರಳಿ ಹಾಕಿದಾಗ ಹೋಲಿಸಿ.

ಕಳಚದೆ ಎಳೆದಾಗಿದೆ, ಈಗ?

ಲಾಗ್‌ನಲ್ಲಿ ‘ಸಿಂಕ್ರನೈಸ್ ಕ್ಯಾಶ್ ಫೇಲ್ಡ್’ ಅಥವಾ ‘ರಿಜೆಕ್ಟಿಂಗ್ ಐ/ಒ ಟು ಆಫ್‌ಲೈನ್ ಡಿವೈಸ್’ ಇದ್ದರೆ ಹಾಗೆಯೇ ಆಗಿದೆ. ಎನ್‌ವಿಎಂಇಯಲ್ಲಿ ಇದರ ಗುರುತು ‘ಕಂಟ್ರೋಲರ್ ಈಸ್ ಡೌನ್’ ಜೊತೆಗೆ ಎಲ್ಲ ಎಫ್‌ಗಳಿರುವ ಸಿಎಸ್‌ಟಿಎಸ್ (ಕಂಟ್ರೋಲರ್‌ನ ಸ್ಥಿತಿ) ಸಂಖ್ಯೆ. ತಕ್ಷಣ ಮರಳಿ ತುರುಕಿದರೂ ಹಳೆಯ ಮೌಂಟ್ ಸರಿಹೋಗುವುದಿಲ್ಲ. ಹಳೆಯ ಹೆಸರನ್ನು ಯಾರೋ ಹಿಡಿದಿರುವ ಕಾರಣ ಡಿಸ್ಕ್ ಎಸ್‌ಡಿಎಫ್ ಎಂದೋ ಇನ್ನೇನೋ ಆಗಿ ಬರುತ್ತದೆ. ಹಳೆಯ ಮೌಂಟ್ ಇಳಿಸಿ, ಮೇಲೆ ಎಲ್‌ವಿಎಂ ಇದ್ದರೆ ಸತ್ತ ಮ್ಯಾಪ್‌ಗಳನ್ನು ‘ಡಿಎಂಸೆಟಪ್ ರಿಮೂವ್’ನಿಂದ ತೆಗೆದು, ಆಮೇಲೆ ಹೊಸ ಹೆಸರಿನಲ್ಲಿ ಪರೀಕ್ಷಿಸಿ. ಇಎಕ್ಸ್‌ಟಿ4ಗೆ ಎಫ್‌ಎಸ್‌ಸಿಕೆ. ಎಕ್ಸ್‌ಎಫ್‌ಎಸ್ ಆದರೆ ಮೊದಲು ಒಮ್ಮೆ ಮೌಂಟ್ ಮಾಡಿ ಇಳಿಸಿ, ಅದರ ಜರ್ನಲ್ (ಬದಲಾವಣೆಗಳ ದಾಖಲೆ) ತಾನೇ ಮರುಓಡಲಿ, ನಂತರ ಎಕ್ಸ್‌ಎಫ್‌ಎಸ್_ರಿಪೇರ್. ದೊಡ್ಡಕ್ಷರದ ‘-ಎಲ್’ ಜರ್ನಲ್ ಅನ್ನೇ ಬಿಸಾಡುತ್ತದೆ, ಬೇರೇನೂ ಉಳಿಯದಾಗ ಮಾತ್ರ ಅದು.

ಎಂಡಿ ಅರೇಯಲ್ಲಿ ಮಾಯವಾದ ಸದಸ್ಯನನ್ನು ‘--ಫೇಲ್ ಡಿಟ್ಯಾಚ್ಡ್ --ರಿಮೂವ್ ಡಿಟ್ಯಾಚ್ಡ್’ ಎಂದು ತೆಗೆದು, ಅದೇ ಡಿಸ್ಕ್ ಮರಳಿದರೆ ‘--ರೀ-ಆಡ್’ ಕೊಡಿ. ರೈಟ್-ಇಂಟೆಂಟ್ ಬಿಟ್‌ಮ್ಯಾಪ್ (ಬರಹ ನಡೆದ ಭಾಗಗಳ ಗುರುತು) ಇದ್ದರೆ ಬದಲಾದ ಭಾಗ ಮಾತ್ರ ಸಿಂಕ್ ಆಗುತ್ತದೆ. ಇಲ್ಲದಿದ್ದರೆ ಪೂರ್ತಿ ರೀಬಿಲ್ಡ್.

ಮರಳಿ ಹಾಕಿದ ಡಿಸ್ಕ್ ಕಾಣಿಸದಿದ್ದರೆ ‘/ಸಿಸ್/ಕ್ಲಾಸ್/ಸ್ಕಸಿ_ಹೋಸ್ಟ್’ ಕೆಳಗಿನ ಆ ಹೋಸ್ಟ್‌ನ ‘ಸ್ಕ್ಯಾನ್’ ಫೈಲಿಗೆ "- - -" ಬರೆಯಿರಿ, ಎನ್‌ವಿಎಂಇಗಾದರೆ ‘/ಸಿಸ್/ಬಸ್/ಪಿಸಿಐ/ರೀಸ್ಕ್ಯಾನ್’ಗೆ 1. ಸಾಟಾ ಪೋರ್ಟ್ ವಿದ್ಯುತ್ ಉಳಿತಾಯದ ಸ್ಥಿತಿಯಲ್ಲಿದ್ದರೆ ಡಿಸ್ಕ್ ಬಂದದ್ದು ಹೋದದ್ದು ಅದಕ್ಕೆ ತಿಳಿಯದೇ ಇರಬಹುದು. ಅದೇ ಹೋಸ್ಟ್‌ನ ‘ಲಿಂಕ್_ಪವರ್_ಮ್ಯಾನೇಜ್‌ಮೆಂಟ್_ಪಾಲಿಸಿ’ಗೆ ‘ಮ್ಯಾಕ್ಸ್_ಪರ್ಫಾರ್ಮೆನ್ಸ್’ ಎಂದು ಬರೆದು ಮತ್ತೆ ಸ್ಕ್ಯಾನ್ ಮಾಡಿ.

ಎಫ್‌ಎಸ್‌ಟ್ಯಾಬ್‌ನಲ್ಲಿ ಉಳಿದ ಸಾಲು

ಡಿಸ್ಕ್ ಹೋದರೂ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್‌ನಲ್ಲಿ ಮೌಂಟ್ ಆಗಬೇಕಾದವುಗಳ ಪಟ್ಟಿ) ಅದರ ಸಾಲು ಉಳಿದಿದ್ದರೆ ಮುಂದಿನ ಬೂಟ್‌ನಲ್ಲಿ ಸಿಸ್ಟಂಡಿ 90 ಸೆಕೆಂಡ್ ಕಾದು, ‘ನೋಫೇಲ್’ (ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಸುವ ಆಯ್ಕೆ) ಇಲ್ಲದಿದ್ದರೆ ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಎಸ್‌ಎಸ್‌ಎಚ್ ಕೂಡ ಏಳುವುದಿಲ್ಲ. ಸಾಲು ತೆಗೆದ ಮೇಲೆ ‘ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್’ ಮರೆಯಬೇಡಿ. ಮರೆತರೆ ಹಳೆಯ ಮೌಂಟ್ ಯುನಿಟ್ ನೆನಪಿನಲ್ಲೇ ಉಳಿದು, ಅದೇ ‘/ಡೇಟಾ’ದಲ್ಲಿ ಹೊಸ ಡಿಸ್ಕ್ ಮೌಂಟ್ ಮಾಡಿದ ಕೂಡಲೇ, ಹಳೆಯ ಡಿಸ್ಕ್ ಇಲ್ಲವೆಂಬ ಕಾರಣಕ್ಕೆ ಸಿಸ್ಟಂಡಿ ಅದನ್ನು ಇಳಿಸಿಬಿಡಬಹುದು. ಮೌಂಟ್ ಕಮಾಂಡ್ ದೋಷ ಹೇಳುವುದಿಲ್ಲ, ಫೋಲ್ಡರ್ ಮಾತ್ರ ಖಾಲಿ. ಕ್ರಿಪ್ಟ್‌ಟ್ಯಾಬ್ (ಲಕ್ಸ್ ಡಿಸ್ಕ್‌ಗಳ ಪಟ್ಟಿ), ಎಂಡಿಎಡಿಎಂ.ಕಾನ್ಫ್ ಮತ್ತು ಸ್ಮಾರ್ಟ್‌ಡಿಯ (ಡಿಸ್ಕ್ ಆರೋಗ್ಯ ನೋಡುವ ಸೇವೆ) ಪಟ್ಟಿಯಲ್ಲೂ ಹಳೆಯ ಡಿಸ್ಕಿನ ಹೆಸರು ಹುಡುಕಿ ತೆಗೆಯಿರಿ; ಸ್ವಾಪ್ ಆ ಡಿಸ್ಕಿನಲ್ಲಿದ್ದರೆ ಕರ್ನೆಲ್ ಸಾಲಿನ ‘ರೆಸ್ಯೂಮ್=’ ಕೂಡ ಬದಲಾಗಬೇಕು.